ಹೋದ ಗಾಡಿಯಲ್ಲೇ ಬರಬೇಕು

ದಾಜಿ ತೀರಿಕೊಂಡಾಗ ಅವರ ತೋಟದಲ್ಲಿ ದ್ರಾಕ್ಷಿ ಬಳ್ಳಿ ಸವರುವ ಕೆಲಸ ಅರ್ಧಕ್ಕೆ ಬಂದಿತ್ತು. ಮಣ್ಣು ಮಾಡಿ ಬಂದ ಎರಡನೆಯ ದಿನವೇ ಅವರ ತಮ್ಮ ಕತ್ತರಿ ತೆಗೆದುಕೊಂಡು ತೋಟಕ್ಕೆ ಹೋದ. ಯಾರೂ ತಪ್ಪು ತಿಳಿಯಲಿಲ್ಲ. ಆ ಕೆಲಸಕ್ಕೆ ಒಂದು ಹೊತ್ತು ಇರುತ್ತದೆ, ದಾಟಿದರೆ ಆ ವರ್ಷದ ಬೆಳೆಯೇ ಹೋಗುತ್ತದೆ. ನಾನು ಚಿಕ್ಕೋಡಿಗೆ ಮರಳಿ ಕಚೇರಿಗೆ ಹೋಗತೊಡಗಿದೆ. ಕಾಗದಗಳ ನಡುವೆ ಆಗಾಗ ಅವರ ಮಾತು ನೆನಪಾಗುತ್ತಿತ್ತು. ನೆನಪಾದದ್ದನ್ನು ನೆನಪಾದ ಹಾಗೆ ಬರೆದಿಡೋಣ ಅನ್ನಿಸಿತು.

ದಾಜಿ ನನ್ನ ರಕ್ತಸಂಬಂಧಿಯಲ್ಲ. ಅವರು ಅಕ್ಕನನ್ನು, ನಾನು ತಂಗಿಯನ್ನು ಮದುವೆಯಾದವರು. ಪುಸ್ತಕದಲ್ಲಿ ಷಡ್ಡಕ ಎಂದು ಬರೆಯುತ್ತಾರೆ. ನಮ್ಮ ಕಡೆ ಮರಾಠಿಯಿಂದ ಬಂದ ಸಾಡು ಎಂಬ ಮಾತೇ ರೂಢಿ. ಅಕ್ಕನ ಗಂಡನನ್ನು ನನ್ನ ಹೆಂಡತಿ ದಾಜಿ ಎನ್ನುತ್ತಿದ್ದಳು, ನಾನೂ ಹಾಗೆಯೇ ಕರೆದೆ. ಅವರು ನನ್ನನ್ನು ಕೊನೆತನಕ 'ಸಾಡೂ' ಎಂದೇ ಕರೆದರು. ಹೆಸರು ಹಿಡಿದು ಕರೆದದ್ದು ನೆನಪಿಲ್ಲ.

ಅವರನ್ನು ಮೊದಲು ನೋಡಿದ್ದು ನಾನು ಹೆಣ್ಣು ನೋಡಲು ಹೋದ ದಿನ. ಹಿರಿಯ ಅಳಿಯ ಎಂದು ಹೆಣ್ಣಿನ ಕಡೆಯವರ ನಡುವೆ ಗಾಂಧಿ ಟೊಪ್ಪಿಗೆ ಹಾಕಿಕೊಂಡು ಕೂತಿದ್ದರು. ಚಹಾ ಆಯಿತು, ಹುಡುಗಿ ಬಂದು ಹೋದಳು, ಎಲ್ಲರೂ ಹುಡುಗಿಯ ಗುಣ ಹೇಳತೊಡಗಿದರು. ದಾಜಿ ಕಪ್ಪು ಕೆಳಗಿಟ್ಟು ನನ್ನ ಅಪ್ಪನ ಕಡೆ ತಿರುಗಿದರು. "ಮಾಮಾ, ಹುಡಿಗಿ ಚಲೋ ಅದಾಳ. ಸಿಟ್ಟ ಮಾತ್ರ ಬಾಳ. ಒಮ್ಮೆ ಸಿಟ್ಟಿಗೆದ್ದ ಹಿಟ್ಟ ನಾದೂ ಪರಾತ ಅಂಗಳಕ್ಕ ಒಗದಿದ್ಲು, ನಾನ ಕಣ್ಣಾರೆ ನೋಡೇನಿ. ಆಮ್ಯಾಗ ನಮಗ ಅನಬ್ಯಾಡ್ರಿ." ನನ್ನ ಮಾವನವರ ಮುಖ ಬಿಳಿಚಿಕೊಂಡಿತು. ಬಾಗಿಲ ಹಿಂದಿನಿಂದ ಯಾರೋ ಬಳೆ ಜೋರಾಗಿ ಸದ್ದು ಮಾಡಿದರು. ಆದರೆ ಬಸ್ಸಿನಲ್ಲಿ ಬರುವಾಗ ಅಪ್ಪ, ಈ ಮನೆಯಲ್ಲಿ ಮುಚ್ಚಿಡುವುದು ಏನೂ ಇದ್ದಂತಿಲ್ಲ, ಮಾಡಿಬಿಡೋಣ ಎಂದರು. ಪರಾತದ ವಿಷಯ ನಿಜವೇ ಆಗಿತ್ತು.

ಅವರ ಊರು ಐನಾಪುರದ ಹತ್ತಿರ. ಕಾಗವಾಡ ಆಗ ಇನ್ನೂ ತಾಲೂಕು ಆಗಿರಲಿಲ್ಲ, ಎಲ್ಲಕ್ಕೂ ಅಥಣಿಗೆ ಹೋಗಬೇಕಾಗಿತ್ತು. ಕಬ್ಬು ಇತ್ತು, ದ್ರಾಕ್ಷಿ ಇತ್ತು. ಒಣದ್ರಾಕ್ಷಿ ಮಾಡಿ ಸಾಂಗ್ಲಿಯ ಪೇಟೆಗೆ ಒಯ್ಯುತ್ತಿದ್ದರು. ಅಲ್ಲಿಯೂ ಇದೇ ರೀತಿ. ಮಳೆ ಬಡಿದು ಬಣ್ಣ ಕಪ್ಪಾದ ಮಾಲನ್ನು ಬೇರೆಯವರು ಪೆಟ್ಟಿಗೆಯ ತಳಕ್ಕೆ ಹಾಕಿದರೆ ಇವರು ಮೇಲೆ ಹಾಕುತ್ತಿದ್ದರು. ವ್ಯಾಪಾರಿಗಳು ಮೊದಮೊದಲು ನಕ್ಕರಂತೆ. ದ್ರಾಕ್ಷಿ ರುಚಿ ನೋಡುವಾಗ ಎಡಗಣ್ಣು ಮುಚ್ಚುತ್ತಿದ್ದರು. ಲೆಕ್ಕವನ್ನು ಮರಾಠಿಯಲ್ಲಿ ಮಾಡುತ್ತಿದ್ದರು, ಜಗಳವನ್ನು ಕನ್ನಡದಲ್ಲಿ. ಎತ್ತುಗಳ ಜೊತೆ ಎರಡರಲ್ಲೂ ಮಾತಾಡುತ್ತಿದ್ದರು.

ಅವರ ಬಿಳಿ ಕಾರು ಬಂದದ್ದೂ ಸಾಂಗ್ಲಿಯಿಂದ. ಅಲ್ಲಿನ ಒಬ್ಬ ಒಣದ್ರಾಕ್ಷಿ ವ್ಯಾಪಾರಿಯಿಂದ ಹಳೆಯದನ್ನು ಕೊಂಡಿದ್ದರು. ನಂಬರು ಮಹಾರಾಷ್ಟ್ರದ್ದೇ, ಕಾಗದದಲ್ಲಿ ಹೆಸರೂ ಆ ವ್ಯಾಪಾರಿಯದೇ. ರಾಜ್ಯ ಬದಲಾದರೆ ತೆರಿಗೆ ಮತ್ತೆ ಕಟ್ಟಬೇಕು, ಓಡಾಡಬೇಕು. ಅದಕ್ಕೆ ಗಡಿಯ ಈ ಊರುಗಳಲ್ಲಿ ಯಾರೂ ಹೆಸರು ಬದಲಿ ಮಾಡಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಕಚೇರಿಯಲ್ಲಿ ಇರುವವನು ಎಂದು ನಾನು ಒಂದೆರಡು ಸಲ ಹೇಳಿದ್ದೆ. "ನಾ ಯಾರ ಅಂತ ಕಾರಿಗಿ ಗೊತ್ತೈತಿ ಬಿಡ್ರಿ ಸಾಡೂ" ಎಂದು ಅದರ ತಲೆಯ ಮೇಲೆ ಎರಡು ಸಲ ತಟ್ಟಿದರು. ಹತ್ತುವ ಮುಂಚೆ ಹಾಗೆ ತಟ್ಟುವುದು ಅವರ ರೂಢಿ.

ಅವರು ಕುಡಿಯುತ್ತಿದ್ದರು. ದಿನಾ ಅಲ್ಲ. ಕುಡಿದ ದಿನ ಮನೆಗೆ ಬರುತ್ತಿರಲಿಲ್ಲ, ತೋಟದ ಶೆಡ್ಡಿನಲ್ಲಿ ಮಲಗುತ್ತಿದ್ದರು. ಬೆಳಿಗ್ಗೆ ಅವರ ತಾಯಿ ರೊಟ್ಟಿಯ ಬುತ್ತಿ ಕಟ್ಟಿ ಕಳಿಸುತ್ತಿದ್ದಳು. ಆ ತಾಯಿಯನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ನಿನ್ನೆ ಯಾಕೆ ಬರಲಿಲ್ಲ ಎಂದು ಆಯಿ ಕೇಳುತ್ತಿರಲಿಲ್ಲ, ಇವರೂ ಹೇಳುತ್ತಿರಲಿಲ್ಲ. ಊರಿಗೆಲ್ಲ ತನ್ನದನ್ನು ತಾನೇ ಹೇಳಿಕೊಂಡು ತಿರುಗುವ ಮನುಷ್ಯ ತಾಯಿಯ ಮುಂದೆ ಆ ಒಂದು ಮಾತನ್ನು ಮಾತ್ರ ಎತ್ತಿರಲಿಲ್ಲ.

ಅವರ ಹಿರಿಮಗಳ ಮದುವೆ ಗೊತ್ತಾಯಿತು. ಅವರ ಮನೆತನದಲ್ಲಿ ಮದುವೆಗೆ ಮುಂಚೆ ಮನೆದೇವರನ್ನು ಉಜಳಿಸುವ ಪದ್ಧತಿ. ಮನೆದೇವರೆಂದರೆ ಬೆರಳಗಲದ ಬೆಳ್ಳಿ ತಗಡುಗಳು, ಅವುಗಳ ಮೇಲೆ ಮಲ್ಲಯ್ಯನನ್ನೂ ಸತ್ತ ಹಿರಿಯರನ್ನೂ ಮೂಡಿಸಿರುತ್ತಾರೆ. ಟಾಕ ಎನ್ನುತ್ತಾರೆ. ಅವನ್ನು ನಿಪ್ಪಾಣಿಯ ಅಕ್ಕಸಾಲಿಗನ ಹತ್ತಿರ ಒಯ್ದು ಹೊಳಪು ಮಾಡಿಸಿ, ಬರುವಾಗ ಮಂಗಸೂಳಿಯ ಮಲ್ಲಯ್ಯನ ಗುಡಿಯಲ್ಲಿ ಭೇಟಿ ಮಾಡಿಸಿ ಮನೆಗೆ ತಂದು ದೇವರ ಜಗಲಿಯ ಮೇಲೆ ಕೂಡಿಸಬೇಕು. ಆಮೇಲೆಯೇ ಮದುಮಗಳಿಗೆ ಅರಿಶಿಣ. ಒಯ್ದವನೇ ತರಬೇಕು, ಹೋದ ಗಾಡಿಯಲ್ಲೇ ಬರಬೇಕು. ಒಳಗೆ ತಂದವನೇ ಮದುವೆಯಲ್ಲಿ ಯಜಮಾನನಾಗಿ ನಿಲ್ಲಬೇಕು. ದೇವರು ತಿರುಗಿ ಬರುವತನಕ ಮನೆಯ ಹಿರಿಯ ಹೆಂಗಸು ಅನ್ನ ಮುಟ್ಟುವುದಿಲ್ಲ. ಅಜ್ಜನ ಕಾಲದಲ್ಲಿ ದಾರಿಯಲ್ಲಿ ಬಂಡಿಯ ಅಚ್ಚು ಮುರಿದಾಗ, ಹೊಸ ಅಚ್ಚು ಬರುವತನಕ ಅಜ್ಜ ದೇವರೊಂದಿಗೆ ಹೊಳೆಯ ದಂಡೆಯಲ್ಲೇ ಕೂತಿದ್ದನೆಂದು ಮನೆಯಲ್ಲಿ ಹೇಳುತ್ತಿದ್ದರು.

ಈಗ ಬಂಡಿಯ ಬದಲು ಕಾರು. ಹಿಂದಿನ ಸೀಟಿನ ಮೇಲೆ ಹೊಸ ಕಂಬಳಿ ಹಾಸಿ, ಭಂಡಾರದ ಅರಿಶಿಣ ಚೆಲ್ಲಿ, ಬಿದಿರು ಬುಟ್ಟಿಯಲ್ಲಿ ದೇವರನ್ನು ಕೂಡಿಸಿ, ಮೇಲೆ ಖಣದ ಬಟ್ಟೆ ಹೊದಿಸಿಕೊಂಡು ದಾಜಿ ಒಬ್ಬರೇ ನಿಪ್ಪಾಣಿಗೆ ಹೋದರು. ಅಕ್ಕಸಾಲಿಗನ ಕೆಲಸ ಬೇಗ ಮುಗಿಯಿತು. ಅಲ್ಲಿ ಹಳೆಯ ಪರಿಚಯದ ತಂಬಾಕಿನ ವ್ಯಾಪಾರಿಗಳು ಸಿಕ್ಕರು. ಮಗಳ ಮದುವೆ ಎಂದು ಇವರು ಹೇಳಿದರು, ಹಾಗಾದರೆ ಬಾ ಎಂದು ಅವರು ಕರೆದರು. ಗಾಡಿಯಲ್ಲಿ ದೇವರಿವೆ ಎಂದರಂತೆ. ಆದರೂ ಹೋದರು.

ಚಿಕ್ಕೋಡಿ ದಾಟಿದ ಮೇಲೆ ಒಂದು ಕಡೆ ಪೋಲೀಸರು ಗಾಡಿ ತಡೆದರು. ಹಾಡುಹಗಲು. ಸಂಜೆಯ ಹೊತ್ತಿಗೆ ಠಾಣೆಯಿಂದ ನನಗೆ ಫೋನು ಬಂತು. ಮಾತಾಡಿದವರು ಅಲ್ಲಿನ ಹವಾಲ್ದಾರರು. ನಿಮ್ಮ ಸಂಬಂಧಿಕರೊಬ್ಬರು ಇಲ್ಲಿದ್ದಾರೆ, ಜಾಮೀನು ಬೇಕು ಎಂದು ಹೇಳಿ, "ಗಾಡ್ಯಾಗ ದೇವರ ಅದಾವ್ರಿ, ಜಲ್ದಿ ಬರ್ರಿ" ಎಂದರು.

ನಾನು ಹೋದಾಗ ದಾಜಿ ಬೆಂಚಿನ ಮೇಲೆ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು. ಅವರ ಬರಿದಲೆಯನ್ನು ಅವತ್ತೇ ಮೊದಲು ನೋಡಿದೆ. ಹವಾಲ್ದಾರರು ತಮ್ಮ ಕಷ್ಟ ತೋಡಿಕೊಂಡರು. ಊದುವ ಯಂತ್ರ ಬಾಯಿಗೆ ಹಿಡಿದರೆ, ಕುಡಿದಿದ್ದೇನೆ ಅಂತ ಹೇಳುತ್ತಿದ್ದೇನಲ್ಲ, ಊದುವುದು ಯಾಕೆ ಎಂದು ಇವರು ದೂಡಿದರಂತೆ. ಊದದೆ ಕೇಸು ಆಗುವುದಿಲ್ಲ ಎಂದು ತಿಳಿಹೇಳಿದ ಮೇಲೆ ಊದಿದರಂತೆ. "ಎಲ್ಲಾರೂ ಕುಡದಿಲ್ಲ ಅಂತ ಜಗಳಾಡ್ತಾರ್ರಿ. ಇವರ ಕುಡದೇನಿ ಅಂತ ಜಗಳಾಡಿದ್ರು" ಎಂದರು. ಹವಾಲ್ದಾರರ ಹಣೆಯ ಮೇಲೂ ಭಂಡಾರವಿತ್ತು. ಅವರೂ ಮಂಗಸೂಳಿಯ ಮಲ್ಲಯ್ಯನಿಗೆ ನಡೆದುಕೊಳ್ಳುವವರು.

ಜಾಮೀನಿಗೆ ಸಹಿ ಹಾಕಿದೆ. ದಾಜಿ ಮನೆಗೆ ಹೋಗಬಹುದಾಗಿತ್ತು. ಗಾಡಿ ಮಾತ್ರ ನ್ಯಾಯಾಲಯದ ಆದೇಶವಿಲ್ಲದೆ ಬಿಡುವಂತಿಲ್ಲ. ಅವತ್ತು ಎರಡನೆಯ ಶನಿವಾರ, ಮರುದಿನ ಭಾನುವಾರ. ಬುಟ್ಟಿಯನ್ನು ಬೇಕಾದರೆ ಈಗಲೇ ಒಯ್ಯಿರಿ, ಅದಕ್ಕೆ ನಮ್ಮ ಅಡ್ಡಿಯಿಲ್ಲ ಎಂದು ಹವಾಲ್ದಾರರೇ ಹೇಳಿದರು. ದಾಜಿ ತಲೆ ಅಲ್ಲಾಡಿಸಿದರು. ಕುಡಿದ ಕೈಯಿಂದ ಮುಟ್ಟುವುದಿಲ್ಲ ಎಂದರು. ನಾಳೆ ಇಳಿದ ಮೇಲೆ ಮುಟ್ಟಿರಿ ಎಂದರೆ, ಹೋದ ಗಾಡಿಯಲ್ಲೇ ಬರಬೇಕು ಎಂದರು. ಬೇರೆ ಮನೆತನದ ನಾನು ಮುಟ್ಟುವ ಮಾತೇ ಇರಲಿಲ್ಲ. ಕೊನೆಗೆ ಹವಾಲ್ದಾರರು ಕಾರಿಗೆ ಕೀಲಿ ಹಾಕಿದರು. ದಾಜಿ ಆವರಣದ ಗೋಡೆಯ ಹೊರಗೆ, ಕಾರು ಕಾಣುವ ಹಾಗೆ, ಚಹಾ ಅಂಗಡಿಯ ಕಟ್ಟೆಯ ಮೇಲೆ ಹೋಗಿ ಕೂತರು. ಏಳಲಿಲ್ಲ. "ಅವ್ವಗ ನೀವ ಹೋಗಿ ಹೇಳ್ರಿ ಸಾಡೂ. ಇದ್ದದ್ದ ಇದ್ದಂಗ ಹೇಳ್ರಿ" ಎಂದರು. ಜಗತ್ತಿಗೆ ತಾವೇ ಹೇಳುತ್ತಿದ್ದವರು ಇದೊಂದನ್ನು ನನ್ನ ಕೈಯಲ್ಲಿ ಹೇಳಿಸಿದರು.

ಮರುದಿನ ಮೊದಲ ಬಸ್ಸಿಗೆ ಹೋದೆ. ಅವರ ಮನೆಯ ಮುಂದೆ ಹಂದರ ಹಾಕುತ್ತಿದ್ದರು. ಆಯಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ನಿನ್ನೆಯಿಂದ ಚಹಾ ಬಿಟ್ಟು ಏನೂ ತೆಗೆದುಕೊಂಡಿಲ್ಲವೆಂದು ಅಕ್ಕ, ದಾಜಿಯ ಹೆಂಡತಿ, ಹೇಳಿದಳು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕುಡಿದಿದ್ದರು, ಪೋಲೀಸರು ಹಿಡಿದರು, ಕಾರು ಠಾಣೆಯಲ್ಲಿದೆ, ದೇವರು ಕಾರಿನಲ್ಲಿವೆ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಆಯಿ ಹಂದರ ಹಾಕುವವರ ಕಡೆ ನೋಡಿದಳು. ಆಮೇಲೆ ಕೇಳಿದಳು.

"ದೇವರು ನೆಳ್ಳಾಗ ಅದಾವೇನು?"

ನಾನು ನೋಡಿರಲಿಲ್ಲ. ಬಯಲಲ್ಲೇ ನಿಲ್ಲಿಸಿದ ನೆನಪು ಎಂದೆ. ಬಿಸಿಲು ಹತ್ತುವ ಮೊದಲು ಹೇಳಿ ನೆರಳಿಗೆ ಹಾಕಿಸು ಎಂದಳು. ದಾಜಿಯ ತಮ್ಮ ಅಲ್ಲೇ ನಿಂತಿದ್ದ. ಅವನು ಮಾಳಕರಿ. ಕೊರಳಲ್ಲಿ ತುಳಸಿ ಮಣಿ, ಪಂಢರಪುರಕ್ಕೆ ನಡೆದು ಹೋಗುವವನು, ಮಾಂಸ ಮದ್ಯ ಮುಟ್ಟಿದವನಲ್ಲ. ಒಳ್ಳೆಯ ಮನುಷ್ಯ, ಮಾತು ಮಾತ್ರ ಬಿರುಸು. "ಅಣ್ಣ ಇನ್ನ ದೇವರ ಮುಟ್ಟಂಗಿಲ್ಲ. ಗಾಡಿ ಬಾಗಲಕ ಬರ್ಲಿ, ಒಳಗ ನಾ ತರ್ತೀನಿ" ಎಂದ. ಆಯಿ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಅರಿಶಿಣಕ್ಕೆ ಬುಧವಾರ ಮುಹೂರ್ತವಿತ್ತು.

ನಾನು ಅಲ್ಲಿಂದಲೇ ಹವಾಲ್ದಾರರಿಗೆ ಫೋನು ಮಾಡಿ ನೆರಳಿನ ಮಾತು ಹೇಳಿದೆ. ಅವರು ಮೂವರು ಪೇದೆಗಳನ್ನು ಕರೆದು, ಹಿಡಿದು ನಿಲ್ಲಿಸಿದ ಮರಳಿನ ಟ್ರ್ಯಾಕ್ಟರಿನ ಪಕ್ಕದಿಂದ ಕಾರನ್ನು ದೂಡಿ ಬೇವಿನ ಮರದ ಕೆಳಗೆ ನಿಲ್ಲಿಸಿದರು. ಸಂಜೆ ನಾನು ಹೋದಾಗ ಕಾರಿನ ಮುಂದೆ ಯಾರೋ ಊದುಬತ್ತಿ ಹಚ್ಚಿಟ್ಟಿದ್ದರು. ದಾಜಿ ಚಹಾ ಅಂಗಡಿಯ ಕಟ್ಟೆಯ ಮೇಲೆಯೇ ಇದ್ದರು. ತಾಯಿ ಉಣ್ಣುತ್ತಿಲ್ಲವೆಂದು ಅವರೂ ಉಂಡಿರಲಿಲ್ಲ. ಆಯಿ ಏನೆಂದಳು ಎಂದು ಕೇಳಿದರು. ನೆರಳಿನ ಮಾತು ಹೇಳಿದೆ. ತಮ್ಮನ ಮಾತನ್ನೂ ಹೇಳಿದೆ. "ಮತ್ತ ಅವ್ವ?" ಎಂದರು. ಸುಮ್ಮನಿದ್ದಳು ಎಂದೆ.

ಸೋಮವಾರ ನ್ಯಾಯಾಲಯ. ದಾಜಿ ತಪ್ಪೊಪ್ಪಿಕೊಂಡರು. ಅದು ಬೇಗ ಮುಗಿಯುವ ಕೆಲಸ. ಆದರೆ ನ್ಯಾಯಾಧೀಶರು ಬೇರೇನಾದರೂ ಹೇಳುವುದಿದೆಯೇ ಎಂದು ಕೇಳಿದಾಗ ಇವರು, "ಗಾಡ್ಯಾಗ ದೇವರ ಇದ್ದೂ ರಿ ಸಾಹೇಬ್ರ. ಅದನ್ನೂ ಬರಕೋರಿ" ಎಂದರು. ನ್ಯಾಯಾಧೀಶರು ತಲೆಯೆತ್ತಿ ಒಮ್ಮೆ ನೋಡಿದರು. ಬರೆದುಕೊಂಡ ಹಾಗೆ ಕಾಣಲಿಲ್ಲ. ದಂಡ ಹಾಕಿದರು, ಲೈಸೆನ್ಸನ್ನು ಕೆಲವು ತಿಂಗಳು ಅಮಾನತಿನಲ್ಲಿಟ್ಟರು. ಗಾಡಿಯನ್ನು ಅದರ ಮಾಲೀಕನಿಗೆ ಒಪ್ಪಿಸಬೇಕೆಂದು ಆದೇಶವಾಯಿತು.

ಮಾಲೀಕ ಎಂದರೆ ಕಾಗದದ ಪ್ರಕಾರ ಸಾಂಗ್ಲಿಯ ವ್ಯಾಪಾರಿ. ದಂಡದ ರಸೀತಿ ಹಿಡಿದುಕೊಂಡು ಠಾಣೆಗೆ ಹೋದ ದಾಜಿಗೆ ಅವರ ಕಾರನ್ನೇ ಕೊಡುವಂತಿರಲಿಲ್ಲ. ಹವಾಲ್ದಾರರು ಪಾಪ, ತಮ್ಮ ಕೈಯಲ್ಲಿ ಏನೂ ಇಲ್ಲವೆಂದು ಆದೇಶದ ಸಾಲನ್ನು ತೋರಿಸಿದರು. ನಾನು ಹಿಂದೆ ಹೇಳಿದ್ದನ್ನು ನೆನಪಿಸಲಿಲ್ಲ, ಅವರೂ ಎತ್ತಲಿಲ್ಲ. ಆ ವ್ಯಾಪಾರಿಗೆ ಫೋನು ಮಾಡಿದರೆ ಪುಣೆಯಲ್ಲಿದ್ದೇನೆ, ನಾಡಿದ್ದು ಬರುತ್ತೇನೆ ಎಂದ. ನಾಡಿದ್ದು ಎಂದರೆ ಬುಧವಾರ. ಫೋನನ್ನು ಹವಾಲ್ದಾರರು ಇಸಿದುಕೊಂಡರು. ಸ್ವಲ್ಪ ದೂರ ಹೋಗಿ ಮರಾಠಿಯಲ್ಲಿ ಏನು ಹೇಳಿದರೋ ತಿಳಿಯದು. ಬುಧವಾರ ಬೆಳಕು ಹರಿಯುವಾಗಲೇ ಆ ವ್ಯಾಪಾರಿ ಠಾಣೆಯ ಮುಂದಿದ್ದ.

ದಪ್ಪ ಮನುಷ್ಯ. ಬಂದವನೇ ಮರಾಠಿಯಲ್ಲಿ ಬೈಯತೊಡಗಿದ. ಕಾರು ಮಾರಿ ಎಷ್ಟೋ ವರ್ಷವಾಯಿತು, ಕುಡಿದವನು ನೀನು, ಠಾಣೆ ಹತ್ತಿದವನು ನಾನು, ನನ್ನ ಅಪ್ಪನೂ ಪೋಲೀಸ್ ಠಾಣೆ ಕಂಡವನಲ್ಲ ಎಂದೆಲ್ಲ. ದಾಜಿ ಪ್ರತಿಯೊಂದಕ್ಕೂ ಖರೆ, ಖರೆ ಎನ್ನುತ್ತಿದ್ದರು. ಬೈಯುತ್ತಲೇ ಕಾರಿನ ಹತ್ತಿರ ಬಂದು ಗಾಜಿನಲ್ಲಿ ಇಣುಕಿದ. ಬುಟ್ಟಿ ಕಂಡಿತು. ಬೈಗಳು ಅಲ್ಲಿಗೇ ನಿಂತವು. ಕಾಲಿನ ಬೂಟು ಕಳಚಿ ಕೈಮುಗಿದು, ಎಲ್ಲಿ ಸಹಿ ಹಾಕಬೇಕು ಎಂದು ಕೇಳಿದ. ತನ್ನ ಡ್ರೈವರನ್ನೂ ನಮ್ಮ ಜೊತೆ ಕಳಿಸಿದ, ಯಾಕೆಂದರೆ ದಾಜಿ ಓಡಿಸುವಂತಿರಲಿಲ್ಲ, ನನಗೆ ಓಡಿಸಲು ಬರುತ್ತಿರಲಿಲ್ಲ.

ದಾಜಿ ಠಾಣೆಯ ಬೋರಿನ ನೀರಿನಲ್ಲಿ ಸ್ನಾನ ಮಾಡಿ, ಬರಿಗಾಲಲ್ಲಿ ಹಿಂದಿನ ಸೀಟಿನಲ್ಲಿ ಬುಟ್ಟಿಯ ಪಕ್ಕ ಕೂತರು. ಹತ್ತುವಾಗ ಕಾರಿನ ತಲೆ ತಟ್ಟಲಿಲ್ಲ. ಮಂಗಸೂಳಿಯಲ್ಲಿ ಭೇಟಿ ಮಾಡಿಸಿದೆವು. ಅಲ್ಲಿಂದ ಊರು ದೂರವಿಲ್ಲ. ದಾರಿಯುದ್ದಕ್ಕೂ ಕಬ್ಬು ಕಡಿಯುವವರು, ಟ್ರ್ಯಾಕ್ಟರು, ಧೂಳು. ಊರಿನ ತಿರುವು ಬಂದಾಗ ಮಾತ್ರ ಮಾತಾಡಿದರು.

"ಸಾಡೂ, ತಮ್ಮ ಒಳಗ ತಂದಾ ಅಂದ್ರ ನನ್ನ ಮಗಳ ಮದವ್ಯಾಗ ನಾ ಎಲ್ಲಿ ನಿಂದ್ರಲಿ?"

ಡ್ರೈವರ್ ಕಾರನ್ನು ಊರ ಕಡೆ ಹೊರಳಿಸಿದ.

ಹಂದರದ ಕೆಳಗೆ ಜನ ಸೇರಿದ್ದರು. ಗಂಡಿನ ಕಡೆಯಿಂದ ಅರಿಶಿಣ ತಂದ ಹೆಂಗಸರೂ ಬಂದು ಕೂತಿದ್ದರು. ದೇವರು ತಡವಾದದ್ದಕ್ಕೆ ಅವರಿಗೆ ಏನು ಕಾರಣ ಹೇಳಿದ್ದರೋ ಗೊತ್ತಿಲ್ಲ. ತಮ್ಮ ಸ್ನಾನ ಮಾಡಿ ಒದ್ದೆ ಧೋತರದಲ್ಲಿ ಬಾಗಿಲ ಮುಂದೆ ನಿಂತಿದ್ದ. ಆಯಿ ಹೊಸ್ತಿಲ ಮೇಲೆ, ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ, ಒಂದು ಕೈಯಲ್ಲಿ ನೀರಿನ ತಂಬಿಗೆ. ನಾಲ್ಕು ದಿನದಲ್ಲಿ ಮುಖ ಇಳಿದುಹೋಗಿತ್ತು. ಬಂಡಿಯ ಕಾಲದ ಪದ್ಧತಿಯಂತೆ ಅಕ್ಕ ಕಾರಿನ ಗಾಲಿಗಳಿಗೆ ನೀರು ಹಾಕಿದಳು.

ದಾಜಿ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಇಳಿದರು. ತಮ್ಮ ಕೈ ಚಾಚಿದ. ದಾಜಿ ಅವನಿಗೆ ಕೊಡಲಿಲ್ಲ, ಅವನನ್ನು ದಾಟಿ ಒಳಗೂ ಹೋಗಲಿಲ್ಲ. ತಾಯಿಯ ಎದುರು ನಿಂತರು. ಸುತ್ತ ಎಲ್ಲರಿಗೂ ಕೇಳುವಷ್ಟು ದನಿಯಲ್ಲಿ ಹೇಳಿದರು.

"ಅವ್ವಾ, ನಾ ಕುಡದಿದ್ದೆ. ದೇವರ ಗಾಡ್ಯಾಗ ಇದ್ರೂ ಕುಡದೆ. ಪೋಲೀಸರು ಹಿಡದ್ರು. ಇಷ್ಟ ದಿನ ದೇವರ ಠಾಣೇದಾಗ ಇದ್ದೂ. ಒಳಗ ನಾ ತರ್ಲೋ, ಇವನ ಕೈಯಾಗ ಕೊಡ್ಲೋ, ನೀ ಹೇಳು."

ಗಂಡಿನ ಕಡೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅಕ್ಕ ಕೊಡ ಹಿಡಿದುಕೊಂಡು ಹಾಗೆಯೇ ನಿಂತಳು. ಆಯಿ ಹೊಸ್ತಿಲು ಇಳಿದು ಬಂದು ಮಗನ ಕಾಲಿಗೆ ನೀರು ಹಾಕಿದಳು, ಮೊದಲು ಒಂದಕ್ಕೆ, ಆಮೇಲೆ ಇನ್ನೊಂದಕ್ಕೆ.

"ನಾಕ ದಿನ ಅವು ನಿನ್ನ ಬಿಟ್ಟ ಬರಲಿಲ್ಲ. ನಾ ಹ್ಯಾಂಗ ಹೊರಗ ನಿಲ್ಲಸ್ಲಿ? ಒಳಗ ಬಾ. ಗಾಡಿ ಕೀಲಿ ಇಲ್ಲೆ ಕೊಟ್ಟ ಬಾ."

ದಾಜಿಯ ಕೈಗಳು ಬುಟ್ಟಿಯ ಮೇಲಿದ್ದವು. ಡ್ರೈವರನ ಹತ್ತಿರ ಕೀಲಿ ಇಸಿದುಕೊಂಡು ಬಂದು ಕೊಟ್ಟವನು ನಾನು. ಆಯಿ ಸೊಂಟದ ಎಲೆ ಅಡಿಕೆಯ ಸಂಚಿ ಬಿಚ್ಚಿ, ಸುಣ್ಣದ ಡಬ್ಬಿಯ ಪಕ್ಕ ಅದನ್ನು ಹಾಕಿಕೊಂಡಳು. ತಮ್ಮ ಪಕ್ಕಕ್ಕೆ ಸರಿದು, ಅಣ್ಣನ ತಲೆಯ ಮೇಲಿನ ಬುಟ್ಟಿ ಬಾಗಿಲ ಮೇಲ್ಪಟ್ಟಿಗೆ ಬಡಿಯದಂತೆ ಅದರ ಮೇಲೆ ಕೈ ಹಿಡಿದ. ದೇವರು ಒಳಗೆ ಹೋದವು. ಅರಿಶಿಣ ಹೊತ್ತಿಗೆ ಸರಿಯಾಗಿ ಆಯಿತು. ಗಂಡಿನ ಕಡೆಯವರು ಆ ಮಾತನ್ನು ಮತ್ತೆ ಎತ್ತಲಿಲ್ಲ. ಮದುವೆಯಲ್ಲಿ ದಾಜಿ ನಿಲ್ಲಬೇಕಾದ ಕಡೆ ನಿಂತರು.

ಆಮೇಲೆ ಕುಡಿಯುವುದನ್ನು ಬಿಟ್ಟರೇ ಎಂದರೆ, ಪೂರ್ತಿ ಬಿಡಲಿಲ್ಲ. ವರ್ಷದಲ್ಲಿ ಒಂದೆರಡು ಸಲ ತೋಟದ ಶೆಡ್ಡಿಗೆ ಹೋಗುತ್ತಿದ್ದರು. ಆದರೆ ಈಗ ಹೋಗುವ ಮೊದಲು ಆಯಿಗೆ ಹೇಳಿ ಹೋಗುತ್ತಿದ್ದರು. ಲೈಸೆನ್ಸು ತಿರುಗಿ ಬಂತು. ಕೀಲಿಯನ್ನು ಅವರು ಕೇಳಲಿಲ್ಲ, ಆಯಿ ಕೊಡಲಿಲ್ಲ. ಯಾರಿಗಾದರೂ ಕಾರು ಬೇಕಾದರೆ ಆಯಿಯ ಮುಂದೆ ಬಂದು ನಿಲ್ಲಬೇಕು. ಯಾರು ಓಡಿಸುತ್ತಾರೆ ಎಂದು ಕೇಳಿ, ಮುಖ ನೋಡಿ, ಸಂಚಿ ಬಿಚ್ಚುತ್ತಿದ್ದಳು. ಕೀಲಿಗೆ ಯಾವಾಗಲೂ ಸುಣ್ಣ ಹತ್ತಿರುತ್ತಿತ್ತು. ದಾಜಿ ಹಿಂದಿನ ಸೀಟಿನಲ್ಲಿ ಕೂತು ಹೋಗುತ್ತಿದ್ದರು. ಕಾಗದದಲ್ಲಿ ಹೆಸರು ಮಾತ್ರ ಮದುವೆ ಮುಗಿದ ಕೂಡಲೇ ಬದಲಿ ಮಾಡಿಸಿದ್ದರು.

ಆಯಿ ತೀರಿಕೊಂಡ ದಿನ ಹೆಂಗಸರು ಮೈ ತೊಳೆಯುವ ಮುಂಚೆ ಸೊಂಟದ ಸಂಚಿ ಬಿಚ್ಚಿ ಕೀಲಿ ತಂದು ದಾಜಿಯ ಕೈಯಲ್ಲಿಟ್ಟರು. ಅವರು ಅದನ್ನು ಧೋತರದ ಅಂಚಿನಿಂದ ಒರೆಸಿದರು. ಎದ್ದು ಹೋಗಿ ಅಕ್ಕನ ಮುಂದೆ ಚಾಚಿದರು. ಅಕ್ಕ ಅಳುತ್ತಲೇ, ನನಗ್ಯಾಕೆ ಎಂದಳು.

"ಯಾರರೆ ಇಟ್ಕೋಬೇಕಲ್ಲ" ಎಂದರು.

ಅಕ್ಕ ಸೆರಗಿನ ತುದಿಗೆ ಕಟ್ಟಿಕೊಂಡಳು. ಈಗಲೂ ಅವಳ ಹತ್ತಿರವೇ ಇದೆ. ಮೊನ್ನೆ ಹೋದಾಗ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ದಾಜಿ ಹೋದ ಮೇಲೆ ಕೀಲಿ ಕೊಡಬಾರದವರು ಮನೆಯಲ್ಲಿ ಯಾರೂ ಇಲ್ಲ.